ಕಡಲಿನ ಲೆಕ್ಕ ಸೊನ್ನೆ

ಮಾರ್ಚ್ ೧೨, ಗುರುವಾರ

ಆ ಸೊನ್ನೆ ಇನ್ನೂ ಕಣ್ಣ ಮುಂದೆಯೇ ಇದೆ. ಗ್ರಂಥಾಲಯದ ಡೇಟಾಬೇಸ್‌ಗಳ ಬಳಕೆಯ ವರದಿಯನ್ನು ಬೆಳಿಗ್ಗೆ ತೆಗೆದರೆ, ಕಡಲಿನ ಸದ್ದುಗಳ ಸಂಗ್ರಹವನ್ನು ಮೂರು ತಿಂಗಳಿಂದ ಯಾರೂ ಕೇಳಿಯೇ ಇಲ್ಲವೆಂದಿತ್ತು. "ಯಾರಿಗೂ ಬೇಡದ್ದು ನಮಗ್ಯಾಕೆ? ಚಂದಾ ನಿಲ್ಲಿಸಿಬಿಡಿ," ಎಂದರು ಮೇಲಧಿಕಾರಿ.

ಆದರೆ ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ತಾತ ಒಬ್ಬರು ದಿನವೂ ಗ್ರಂಥಾಲಯಕ್ಕೆ ಬಂದು ಕಿಟಕಿ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಾರಲ್ಲ! ಹೋಗಿ ವಿಚಾರಿಸಿದೆ.

"ನಿನ್ನ ಮಾತು ಕೇಳುತ್ತೆ, ಕಡಲು ಮಾತ್ರ ಕೇಳಲ್ಲ. ವಯಸ್ಸಾಯ್ತಲ್ಲಮ್ಮ, ಕಿವಿ ಕೈಕೊಡ್ತು. ಸುಮ್ನೆ ಕೂತಿರ್ತೀನಿ."

ನೋಡಿದರೆ, ಸಂಗ್ರಹ ಒದಗಿಸುವ ಕಂಪನಿಯವರು ವೆಬ್ ವಿಳಾಸ ಬದಲಿಸಿದ್ದರಿಂದ ನಮ್ಮ ಹಳೆಯ ಲಿಂಕ್ ಸತ್ತುಹೋಗಿತ್ತು. ಸರಿಮಾಡಿ ಒತ್ತಿದೆ. ತಾತ ಬೆಚ್ಚಿ ಮೇಜು ಹಿಡಿದುಕೊಂಡರು. ಆಮೇಲೆ ಕೂತಲ್ಲೇ ಮೆಲ್ಲಗೆ ತೂಗತೊಡಗಿದರು. ಓದುವ ಕೋಣೆ, ಕಪಾಟು, ದೀಪ ಎಲ್ಲ ನಿಧಾನವಾಗಿ ತೇಲಿದ ಹಾಗಾಯಿತು ನನಗೆ.

ಮೇಲಧಿಕಾರಿ ಬಾಗಿಲಲ್ಲೇ ನಿಂತು ಅವರನ್ನು ನೋಡಿ, "ಇನ್ನೊಂದು ವರ್ಷ ಇರ್ಲಿ ಬಿಡಿ," ಎಂದು ಪಿಸುಗುಟ್ಟಿದರು.

ಸಂಜೆ ಬಾಗಿಲು ಹಾಕುವ ಮುಂಚೆ ಎಬ್ಬಿಸಲು ಹೋದರೆ, ತಾತ ಕಣ್ಣು ತೆರೆಯದೆ ಕೇಳಿದರು: "ದಡ ಬಂತಾ?"

"ಇಲ್ಲ ತಾತ, ಇನ್ನೂ ದೂರ ಇದೆ," ಎಂದುಬಿಟ್ಟೆ. ಬೀಗದ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತೆ. ಆಮೇಲೆ ಎಷ್ಟೋ ಹೊತ್ತು ಇಬ್ಬರೂ ಹಾಗೇ ತೇಲುತ್ತಿದ್ದೆವು.