ಯಜಮಾನರ ಗಂಟಲಿಗೆ ಕಷಾಯ

ಫೆಬ್ರವರಿ 6, ಬೆಳಿಗ್ಗೆ

ಇವತ್ತು ಶುಂಠಿ, ಕಾಳುಮೆಣಸು, ಬೆಲ್ಲ. ನಿನ್ನೆಯ ತುಳಸಿ ಕಷಾಯ ಯಜಮಾನರಿಗೆ ಹಿಡಿಸಲಿಲ್ಲವಂತೆ. ಸಂಕ್ರಾಂತಿಯಿಂದ ಗಂಟಲು ಕಟ್ಟಿದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ—

"ಊದೋರ ಗಂಟ್ಲು ಇಂಗೇಯ ಕಣಮ್ಮಿ. ನಮ್ಮಪ್ಪಂಗೂ ಮದ್ವೆ ಸೀಜನ್ನಲ್ಲಿ ಕಟ್ಕತಿತ್ತು."

ಕಿಕ್ಕೇರಿಯ ಬೇರೆ ಅಕ್ಕಸಾಲಿಗರೆಲ್ಲ ಗ್ಯಾಸ್ ಇಟ್ಟುಕೊಂಡಿದ್ದಾರೆ. ಇವರು ಮಾತ್ರ ತಾಳಿ ಬೆಸೆಯುವಾಗ ಊದುಗೊಳವೆ ಬಾಯಿಗಿಟ್ಟು ದೀಪದ ಉರಿಗೆ ಊದಬೇಕು. ತಾಳಿಗೆ ಮನುಷ್ಯರ ಉಸಿರು ತಾಗಬೇಕಂತೆ. ಹಟಮಾರಿ.

ಫೆಬ್ರವರಿ 11

ಜ್ಯೇಷ್ಠಮಧು ತಂದೆ. ಗ್ರಂಧಿಗೆ ಅಂಗಡಿಯ ಪುಟ್ಟತಾಯಮ್ಮ, "ಸೀಯಾಗಿರ್ತದೆ, ಮಕ್ಕಳಂಗೆ ಕುಡ್ಕತಾರೆ ಬುಡು" ಅಂದಳು. ನಿಜ. ಲೋಟ ಖಾಲಿ. ಮಧ್ಯಾಹ್ನ ದನಿ ಸ್ವಲ್ಪ ತಿಳಿಯಾಯಿತು. ಆದದ್ದೇ ತಡ, ಸಾರಿಗೆ ಉಪ್ಪು ಜಾಸ್ತಿ ಅಂತ ನನ್ನನ್ನೇ ಬೈದರು. ಬೈಸಿಕೊಂಡು ಇಷ್ಟು ಖುಷಿಯಾಗಿದ್ದು ಇದೇ ಮೊದಲು.

ಫೆಬ್ರವರಿ 27

ಮತ್ತೆ ದನಿಯಿಲ್ಲ. ನುಂಗಿದರೆ ಕಿವಿಯವರೆಗೆ ನೋವು. ದೊಡ್ಡಪತ್ರೆ ರಸ, ಜೇನು, ಅರಿಶಿನದ ಹಾಲು... ಯಾವುದು ಕೊಡಲಿ?

ಮಗಳು ಭೂಮಿಕಳಿಗೆ ಸಿಟ್ಟು ಬಂತು. "ಸಾಕು ಬುಡಮ್ಮ ನಿನ್ ಕಸಾಯ. ಅಪ್ಪ ಉಗುಳ್ದಾಗ ರಕ್ತ ಬಂತು, ನಾನೇ ನೋಡ್ದೆ."

ಸೋಮವಾರ ಮೈಸೂರಿಗೆ ಅಂತ ಅವಳೇ ತೀರ್ಮಾನ ಮಾಡಿದಳು. ಅಕ್ಕಿಹೆಬ್ಬಾಳಿನವರ ತಾಳಿ ಮುಗಿಸಿ ಬರುತ್ತೇನೆ ಅಂದರು ಇವರು, ಪಿಸುದನಿಯಲ್ಲಿ. ಊದಲು ಕೂತವರು ಕೆಮ್ಮಿ ಕೆಮ್ಮಿ ಕೊಳವೆ ಕೆಳಗಿಟ್ಟರು.

ಮಾರ್ಚ್ 14

ಬರೆಯಲು ಕೈ ಬರಲಿಲ್ಲ. ಗಂಟಲಲ್ಲಿ ಗಡ್ಡೆ. ಕ್ಯಾನ್ಸರು.

ಧ್ವನಿಪೆಟ್ಟಿಗೆ ತೆಗೆಯಬೇಕಂತೆ. ಆಮೇಲೆ ಮಾತಿಲ್ಲ. ಉಸಿರಾಟ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ. ಎಲ್ಲ ಕೇಳಿಸಿಕೊಂಡು ಇವರು ಕೇಳಿದ್ದು ಒಂದೇ— "ಊದಕ್ಕಾಯ್ತದಾ ಸಾರ್?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಇಲ್ಲ, ಬಾಯಿಗೆ ಉಸಿರೇ ಬರುವುದಿಲ್ಲ ಅಂದರು. ಬಸ್ಸಿನಲ್ಲಿ ಇವರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಮಾರ್ಚ್ 23, ಬೆಳಿಗ್ಗೆ

ಇವತ್ತು ಅಡ್ಮಿಟ್. ಆದರೂ ಕಷಾಯ ಕಾಸಿದೆ. ಉಪಯೋಗವಿಲ್ಲ, ಗೊತ್ತು. ಬೆಚ್ಚಗೆ ಒಂದು ಗುಟುಕು ಇಳಿದರೆ ಹಾಯಾಗುತ್ತದಲ್ಲ ಅಂತ.

ಲೋಟ ಕೊಡುವಾಗ ಭೂಮಿಕ ಮೊಬೈಲ್ ಹಿಡಿದಳು. "ಅಪ್ಪ, ಏನಾರ ಮಾತಾಡಪ್ಪ, ರೆಕಾರ್ಡ್ ಮಾಡ್ಕತೀನಿ."

ನಾಚಿಕೊಂಡರು. ಬಸ್ಸಿಗೆ ಹೊತ್ತಾಯಿತು. ಹೊರಡಬೇಕು.

ಏಪ್ರಿಲ್ 2, ಆಸ್ಪತ್ರೆ

ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ ಅಂತಾರೆ. ಮೂಗಿನ ನಳಿಕೆಯಲ್ಲಿ ಗಂಜಿ. ಏನು ಬೇಕು ಅಂದರೆ ಕೈ ಆಡಿಸುತ್ತಾರೆ, ನನಗೆ ತಿಳಿಯುವುದಿಲ್ಲ, ಮುಖ ತಿರುಗಿಸುತ್ತಾರೆ.

ಸಂಜೆ ಹೊರಗೆ ಬೆಂಚಿನ ಮೇಲೆ ಭೂಮಿಕ ಆ ರೆಕಾರ್ಡಿಂಗ್ ಹಾಕಿದಳು. ಪೂರ್ತಿ ನನ್ನದೇ ಬಾಯಿ. "ಕುಡೀರಿ ಅಂದ್ರೆ... ಆರೋಯ್ತದೆ... ಜ್ಯೇಷ್ಠಮಧು ಆಕಿವ್ನಿ, ಸೀಯಾಗದೆ... ಅದೇನ್ ಮಕ ಮಾಡ್ತೀರಿ..."

ಅವರದು ಕೊನೆಯಲ್ಲಿ ಒಂದೇ. "ಊಂ."

ಅದರ ಮೇಲೂ ನಾನೇ ಮಾತಾಡಿ, ಅದೂ ಅರ್ಧ ಮುಚ್ಚಿಹೋಗಿ—