ಒಬ್ಬರೇ ಆಡುವ ಆಟ

ಪ್ರೀತಿಯ ಅಪ್ಪನಿಗೆ,

ಅಮ್ಮ ಒಬ್ಬಳೇ ಆಡುತ್ತಿದ್ದ ಇಸ್ಪೀಟಿನ ಆಟ ಗೆಲ್ಲುವುದು ಹೇಗೆ ಅಂತ ಕೇಳಿದ್ದೀರಿ. ಅವಳು ಹೋಗಿ ಮೂರು ವರ್ಷದ ಮೇಲೆ ಆ ಕಟ್ಟು ಬಿಚ್ಚಿದಿರಲ್ಲ, ಸಂತೋಷ.

ಮೊದಲು ಸಾಲಿನಲ್ಲಿ ಮುಚ್ಚಿರುವ ಎಲೆಗಳನ್ನು ತೆರೆಯಿರಿ, ಕೈಯಲ್ಲಿನ ಕಟ್ಟಿಗೆ ಅವಸರವಿಲ್ಲ. ಕಪ್ಪು ಏಳರ ಮೇಲೆ ಕೆಂಪು ಆರು, ಹೀಗೆ ಬಣ್ಣ ಬದಲಾಗುತ್ತಾ ಇಳಿಯಬೇಕು. ಎಕ್ಕ ಬಂದರೆ ಮೇಲಿಡಿ. ಖಾಲಿ ಸಾಲಿಗೆ ರಾಜನೇ ಬರಬೇಕು. ಅವನು ಸಿಗುವ ಮೊದಲೇ ಸಾಲು ಖಾಲಿ ಮಾಡಿಕೊಂಡು ಪೇಚಾಡಬೇಡಿ.

ನಿಮ್ಮ ಪತ್ರದಲ್ಲಿ ‘ಎದುರಂಗಡಿ ಟೈಲರಮ್ಮ ಹೇಳಿದರು’ ಅಂತ ನಾಲ್ಕು ಸಲ ಬಂದಿದೆ. ‘ನಾನು ಆಡುವಾಗ ಸುಮ್ನೆ ನಿಂತು ನೋಡ್ತಾರೆ, ಅಷ್ಟೇ’ ಅಂತ ಒಂದು ಸಲ. ನಾನೇನೂ ಕೇಳಿರಲಿಲ್ಲವಲ್ಲ ಅಪ್ಪ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಮ್ಮ ಗಡಿಯಾರದಂಗಡಿಯ ಆ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿವೆ. ರಿಪೇರಿಗೆ ಬಂದ ಗಡಿಯಾರಗಳು ತಲೆಗೊಂದು ಗಂಟೆ ಹೇಳುತ್ತಿದ್ದವು. ಬಿಸಿಲು ಎಲೆಯಿಂದ ಎಲೆಗೆ ತೆವಳುತ್ತಿತ್ತು. ನಾನು ಮೇಜಿನ ಕೆಳಗೆ ಅರೆನಿದ್ದೆಯಲ್ಲಿರುತ್ತಿದ್ದೆ. ನೀವು ಅಮ್ಮನ ಹಿಂದೆ ನಿಂತು, “ಆ ಆರು ಅಲ್ಲಿ ಕೂರುತ್ತೆ ನೋಡೇ” ಅನ್ನುತ್ತಿದ್ದಿರಿ.

“ಹೌದಲ್ವಾ! ನಂಗೆ ಕಾಣ್ಲೇ ಇಲ್ಲ.”

ಕಂಡಿರುತ್ತಿತ್ತು ಅಪ್ಪ. ಎಲೆ ಹೊಂದುವುದು ಕಂಡ ಕೂಡಲೇ ಅವಳ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ನೀವು ಬಾಯಿ ಬಿಡುವುದಕ್ಕೆ ಎಷ್ಟೋ ಹೊತ್ತು ಮುಂಚೆಯೇ ಅದು ಕುಣಿದು, ಸುಮ್ಮನಾಗಿ, ಕಾಯುತ್ತಿತ್ತು.

ಹಾಗಾಗಿ ಕೊನೆಯ ಮಾತು: ಎಲೆ ಕಂಡರೂ ತಕ್ಷಣ ಇಡಬೇಡಿ. ಟೈಲರಮ್ಮ ತೋರಿಸಲಿ.

ಮತ್ತೆ, ಅಂಗಡಿಗೆ ಇನ್ನೊಂದು ಕುರ್ಚಿ ತನ್ನಿ. ಪಾಪ, ಅವರು ಎಷ್ಟು ಹೊತ್ತು ಅಂತ ನಿಂತಿರುತ್ತಾರೆ?

ಇಂತಿ,
ಮೇಜಿನ ಕೆಳಗಿನ ನಿಮ್ಮ ಮಗಳು