ಸತ್ತ ರೋಗಕ್ಕೆ ಹಚ್ಚಿಸಿದ ಬೆಂಕಿ

೩೦ ಫೆಬ್ರವರಿ ೨೧೮೪
ನವಲಗುಂದ

ಹತ್ತಿಯ ರೋಗಪರೀಕ್ಷೆಗೆ ನಿಯಮ ಬರೆಯುತ್ತಿರುವ ಹಿರಿಯರಿಗೆ,

ತಾರೀಖು ತಪ್ಪಲ್ಲ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಬೈಸಿಕೊಂಡಿದ್ದು ಮಾತ್ರ ಕನ್ನಡದಲ್ಲಿ.

ನಾನು ಎಲೆಮನೆಯಲ್ಲಿ ಕೆಲಸ ಮಾಡುತ್ತೇನೆ. ಹತ್ತಿಯ ಎಲೆಗೂ ಬೀಜಕ್ಕೂ ದುಂಡಾಣು ಅಂಗಮಾರಿ ತಗುಲಿದೆಯೇ ಎಂದು ನೋಡುವ ಪ್ರಯೋಗಾಲಯಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನಮ್ಮ ಕಾಲದಲ್ಲಿ ಹತ್ತಿಬಟ್ಟೆ ಹಸುಗೂಸುಗಳಿಗೆ ಮತ್ತು ಸುಟ್ಟಗಾಯದವರಿಗೆ ಮಾತ್ರ; ಉಳಿದವರು ಉಡುವುದು ಬೆವರು ಹೀರದ ಹಾಳೆಯಂಥ ಬಟ್ಟೆ. ಹತ್ತಿ ಅಷ್ಟು ಅಪರೂಪವಾದ್ದರಿಂದ ಎಲೆಯ ಮೇಲೆ ಚುಕ್ಕೆ ಮೂಡುವವರೆಗೆ ನಾವು ಕಾಯುವುದಿಲ್ಲ. ಬೀಜ ಅರೆದು, ಡಿಎನ್‌ಎ ತೆಗೆದು, ಅದರಲ್ಲಿ ದುಂಡಾಣುವಿನ ತುಣುಕೇನಾದರೂ ಇದ್ದರೆ ಯಂತ್ರದಲ್ಲಿ ಅದನ್ನು ಕೋಟಿಪಟ್ಟು ಹೆಚ್ಚಿಸುತ್ತೇವೆ. ತುಣುಕು ಇದ್ದರೆ ಕೊಳವೆ ಹೊಳೆಯುತ್ತದೆ. ಹೊಳೆದರೆ ‘ಹೊತ್ತುಗಡಿ’: ಅಂದೇ ಸೂರ್ಯ ಮುಳುಗುವುದರೊಳಗೆ ಎಲ್ಲವನ್ನೂ ಸುಡಬೇಕು. ನೀವು ಈಗ ಬರೆಯುತ್ತಿರುವ ನಿಯಮವೇ ನಮ್ಮ ಕಾಲದವರೆಗೂ ಹಾಗೇ ಉಳಿದು ಬಂದಿದೆ. ಬೀಜ ಬೆಳೆದವರೇ ಬೆಂಕಿ ಹಚ್ಚಬೇಕು. ಇದು ಬರೆದ ನಿಯಮವಲ್ಲ, ನಾವು ಮಾಡಿಕೊಂಡ ಪದ್ಧತಿ. ನಾವು ಹಚ್ಚಿದರೆ ಆಮೇಲೆ ತಕರಾರು ಬರುತ್ತದೆ.

ನೀಲಗಂಗವ್ವ ಎಂಬ ಹೆಂಗಸಿನ ಬಳಿ ಎರಡು ಚೀಲ ಕಂದು ಹತ್ತಿಯ ಬೀಜವಿತ್ತು. ಬಣ್ಣ ಹಾಕದೆಯೇ ಕಂದು. ಆ ತಳಿ ಬೇರೆಲ್ಲೂ ಉಳಿದಿರಲಿಲ್ಲ. ರೋಗದ ಅನುಮಾನ ಬಂದಾಗ, ಬೀಜವನ್ನು ಹದ ಬಿಸಿಯ ನೀರಿನಲ್ಲಿ ಅದ್ದಿ ತೆಗೆದರೆ ದುಂಡಾಣು ಸಾಯುತ್ತದೆ ಎಂದು ಹೇಳಿಕೊಟ್ಟವಳು ನಾನೇ. ಅವಳು ಹಾಗೆಯೇ ಮಾಡಿ, ಒಣಗಿಸಿ, ಪರೀಕ್ಷೆಗೆ ತಂದಳು.

“ಅಕ್ಕಾರ, ರೋಗ ಸತ್ತೈತಿಲ್ಲೋ? ನಿಮ್ಮ ಮಾರಿ ನೋಡಿದ್ರ ನೀವ ಸತ್ತಂಗ ಕಾಣ್ತೀರಿ.”

ಕೊಳವೆ ಹೊಳೆಯಿತು. ಹೊಳೆಯಲೇಬೇಕು: ದುಂಡಾಣು ಸತ್ತರೂ ಅದರ ಡಿಎನ್‌ಎ ಬೀಜದಲ್ಲೇ ಇರುತ್ತದೆ, ಯಂತ್ರಕ್ಕೆ ಸತ್ತದ್ದು ಬದುಕಿದ್ದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಬೀಜ ತೊಳೆದ ನೀರನ್ನು, ದುಂಡಾಣು ಬದುಕಿದ್ದರೆ ಮಾತ್ರ ಬೆಳೆಯುವ ಅಗರ್ ತಟ್ಟೆಯ ಮೇಲೆ ಸವರಿ ಮೂರು ದಿನ ಕಾಯಬೇಕು. ಮೂರು ದಿನಕ್ಕೆ ನಿಯಮದಲ್ಲಿ ಜಾಗವಿಲ್ಲ. ನಾನು ‘ರೋಗ ಇದೆ’ ಎಂದು ಬರೆದು ಸಹಿ ಹಾಕಿದೆ. ಹೆದರಿಕೆಯಿಂದಲೇ? ಕೆಲಸ ಅಚ್ಚುಕಟ್ಟಾಗಿ ಮುಗಿಯಲಿ ಎಂಬ ಆಸೆಯಿಂದಲೇ? ಎರಡನೆಯದೇ ಇರಬೇಕು, ಏಕೆಂದರೆ ಅಂದು ನನ್ನ ಅಕ್ಷರ ದುಂಡಗಿತ್ತು.

ಕಡ್ಡಿಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ. ಎಣ್ಣೆಯ ಬೀಜ, ಚೆನ್ನಾಗಿ ಉರಿಯಿತು.

ಕದ್ದು ಸವರಿಟ್ಟಿದ್ದ ತಟ್ಟೆಯಲ್ಲಿ ನಾಲ್ಕನೆಯ ದಿನಕ್ಕೂ ಏನೂ ಬೆಳೆದಿರಲಿಲ್ಲ. ಹೋಗಿ ಅವಳಿಗೆ ಹೇಳಿದೆ.

“ಅವತ್ತ ಗೊತ್ತಿತ್ತೇನ್ರಿ ನಿಮಗ?”

ಅನುಮಾನವಿತ್ತು ಎಂದೆ. ಅದೂ ಸುಳ್ಳು, ಗೊತ್ತಿತ್ತು.

“ಮತ್ತ ಕಡ್ಡಿ ನನ್ನ ಕಡಿಂದ ಯಾಕ ಗೀರಿಸಿದ್ರಿ? ಸುಟ್ಟಾಕಿ ನಾನ ಅನ್ನಿಸಾಕ?” ಎಂದಳು. “ಹೋಗ್ರಿ. ಇನ್ನ ಇಲ್ಲಿ ನೋಡಾಕ ಬೀಜ ಇಲ್ಲ.”

ಹಿರಿಯರೇ, ನಿಮ್ಮ ನಿಯಮಕ್ಕೆ ಒಂದು ಸಾಲು ಸೇರಿಸಿ: ಸುಡುವ ಮೊದಲು ಮೂರು ದಿನ ಕಾಯಬೇಕು, ತಟ್ಟೆ ನೋಡಬೇಕು. ಆ ಮೂರು ದಿನವನ್ನು ಪರೀಕ್ಷೆ ಮಾಡುವವರ ಮನಸ್ಸಾಕ್ಷಿಗೆ ಬಿಡಬೇಡಿ. ನನಗೆ ಮನಸ್ಸಾಕ್ಷಿ ಇತ್ತು, ತಟ್ಟೆಯೂ ಇತ್ತು. ನಾಳೆ ಇನ್ನೊಬ್ಬರ ಬೀಜ ಬರುತ್ತದೆ. ಆ ಸಾಲು ಇಲ್ಲದಿದ್ದರೆ ನಾಳೆಯೂ ನಾನು ಸಹಿ ಹಾಕುತ್ತೇನೆ.

ಇಂತಿ,
ವಿನುತಾ